ಹಿಂದಿನ ಡಿಫರೆನ್ಷಿಯಲ್ ಲಾಕ್: ಸಣ್ಣ ಫೋರ್‌ವೀಲ್ ಗಾಡಿಗೆ ಯಾವುದು ಒಗ್ಗುತ್ತದೆ?

ಮಲೆನಾಡಿನಲ್ಲಿ ಹಳೆಯ ಜಿಪ್ಸಿ ಇಟ್ಟುಕೊಂಡವರೂ, ಹೊಸದಾಗಿ ಜಿಮ್ನಿಯನ್ನೋ ಥಾರ್ ಅನ್ನೋ ಕೊಳ್ಳಲು ಹೊರಟವರೂ ಮಳೆಗಾಲ ಹತ್ತಿರವಾದಂತೆ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ಹಿಂದಿನ ಡಿಫರೆನ್ಷಿಯಲ್ಲಿಗೆ (ಎರಡು ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆಗೆ) ಲಾಕ್, ಅಂದರೆ ಆ ಎರಡನ್ನೂ ಒಟ್ಟಿಗೇ ತಿರುಗಿಸುವ ಏರ್ಪಾಡು, ಹಾಕಿಸಬೇಕೇ, ಹಾಕಿಸುವುದಾದರೆ ಯಾವ ಬಗೆಯದು? ಗ್ಯಾರೇಜಿನಲ್ಲಿ ವಿಚಾರಿಸಿದರೆ "ವೆಲ್ಡ್ ಹೊಡೆಸಿಬಿಡಿ, ಆಮೇಲೆ ಎಲ್ಲಿ ಬೇಕಾದರೂ ಹತ್ತುತ್ತದೆ" ಎನ್ನುತ್ತಾರೆ. ಶೋರೂಮಿನಲ್ಲಿ ಕೇಳಿದರೆ ಎಲೆಕ್ಟ್ರಾನಿಕ್ಸ್ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎನ್ನುತ್ತಾರೆ. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ವೆಲ್ಡ್ ಮಾಡಿದ ಡಿಫರೆನ್ಷಿಯಲ್ಲಿನ ಜಿಪ್ಸಿಯನ್ನು ನಾನು ಎರಡು ಮಳೆಗಾಲ ಪೂರ್ತಿ ಓಡಿಸಿದ್ದೇನೆ. ಲಾಕ್ ಎಷ್ಟು ಚೆನ್ನಾಗಿ ಎಳೆಯುತ್ತದೆ ಎಂಬುದು ಮೊದಲ ದಿನವೇ ತಿಳಿಯುತ್ತದೆ. ಎಳೆಯುವ ಕೆಲಸವಿಲ್ಲದ ಉಳಿದ ದಿನಗಳಲ್ಲಿ, ಒದ್ದೆ ಡಾಂಬರಿನ ಮೇಲೆ, ಪೇಟೆಯ ಇಕ್ಕಟ್ಟಿನಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದು ತಿಳಿಯಲು ತಿಂಗಳುಗಳೇ ಬೇಕು. ನನ್ನ ಅನುಭವದಲ್ಲಿ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಈ ಎರಡನೆಯ ಸಂಗತಿ.

ಮೊದಲು ಡಿಫರೆನ್ಷಿಯಲ್ ಯಾಕಿದೆ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಜಿಮ್ನಿಯ ಹಿಂದಿನ ಎರಡು ಚಕ್ರಗಳ ನಡುವಿನ ಅಂತರ ಸುಮಾರು 1.4 ಮೀಟರ್. 90 ಡಿಗ್ರಿಯ ಒಂದು ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಸುಮಾರು 2.2 ಮೀಟರ್ ಹೆಚ್ಚು ದೂರ ಸಾಗಬೇಕಾಗುತ್ತದೆ. ತಿರುವು ಅಗಲವಾಗಿರಲಿ ಇಕ್ಕಟ್ಟಾಗಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ. ಆ ಗಾಡಿಯ 195/80 ಆರ್15 ಟೈರಿನ ಸುತ್ತಳತೆಯೂ ಹೆಚ್ಚುಕಡಿಮೆ 2.2 ಮೀಟರೇ ಆದ್ದರಿಂದ, ಹೊರಗಿನ ಚಕ್ರ ಒಂದು ಪೂರ್ತಿ ಸುತ್ತು ಹೆಚ್ಚಿಗೆ ಉರುಳಬೇಕು ಎಂದಾಯಿತು. ಗಾಡಿ ಪೂರ್ತಿ ಹಿಂದಿರುಗುವ ಹೇರ್‌ಪಿನ್ ತಿರುವಿನಲ್ಲಿ ಇದು ಎರಡು ಸುತ್ತು. ಹದಿನಾಲ್ಕು ಹೇರ್‌ಪಿನ್‌ಗಳ ಆಗುಂಬೆ ಘಾಟಿಯನ್ನು ಒಮ್ಮೆ ಇಳಿಯುವಷ್ಟರಲ್ಲಿ ಇಂಥ ಇಪ್ಪತ್ತೆಂಟು ಸುತ್ತುಗಳ ಹೆಚ್ಚುಕಡಿಮೆಯನ್ನು ಡಿಫರೆನ್ಷಿಯಲ್ ಸದ್ದಿಲ್ಲದೆ ಸರಿದೂಗಿಸುತ್ತದೆ. ಅದನ್ನು ಕಾಯಂ ಲಾಕ್ ಮಾಡಿದರೆ ಆ ವ್ಯತ್ಯಾಸವನ್ನೆಲ್ಲ ಟೈರುಗಳು ರಸ್ತೆಗೆ ಉಜ್ಜಿಕೊಂಡೇ ತೀರಿಸಬೇಕು.

ಅದೇ ಡಿಫರೆನ್ಷಿಯಲ್ಲಿನ ದೌರ್ಬಲ್ಯ ಕೆಸರಿನಲ್ಲಿ ಕಾಣುತ್ತದೆ. ಎರಡೂ ಚಕ್ರಗಳಿಗೆ ಸಮಾನ ಬಲ ಹಂಚುವುದು ಅದರ ಸ್ವಭಾವ. ಒಂದು ಚಕ್ರ ಕೊರಕಲಿನ ಮೇಲೆ ಗಾಳಿಯಲ್ಲಿ ನಿಂತರೆ ಅದನ್ನು ತಿರುಗಿಸಲು ಬಲವೇ ಬೇಡ; ಹಾಗಾಗಿ ನೆಲ ಕಚ್ಚಿರುವ ಇನ್ನೊಂದು ಚಕ್ರಕ್ಕೆ ಸಿಗುವುದೂ ಅಷ್ಟೇ ಅಲ್ಪ. ಫೋರ್‌ವೀಲ್ ಲಿವರ್ ಹಾಕಿದರೆ ನಾಲ್ಕೂ ಚಕ್ರ ಎಳೆಯುತ್ತವೆ ಎಂದು ಅನೇಕರು ತಿಳಿದಿದ್ದಾರೆ. ಜಿಪ್ಸಿ, ಜಿಮ್ನಿ, ಥಾರ್ ಮೂರರಲ್ಲೂ ಆ ಲಿವರ್ ಮಾಡುವುದು ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಒಂದುಗೂಡಿಸುವ ಕೆಲಸವನ್ನಷ್ಟೆ. ಅಡ್ಡ ಚರಂಡಿಯನ್ನು ಓರೆಯಾಗಿ ದಾಟುವಾಗ ಮುಂದಿನದೊಂದು, ಅದರ ಕರ್ಣಕ್ಕೆ ಹಿಂದಿನದೊಂದು ಚಕ್ರ ಹಗುರಾದರೆ ಆ ಎರಡೇ ಗಿರಗಿರನೆ ತಿರುಗಿ, ಫೋರ್‌ವೀಲಿನಲ್ಲೇ ಇರುವ ಗಾಡಿ ಅಲ್ಲಾಡದೆ ನಿಲ್ಲುತ್ತದೆ. ಹಿಂದಿನ ಲಾಕಿನ ಪ್ರಯೋಜನ ಇರುವುದು ನಿಖರವಾಗಿ ಇಲ್ಲಿ.

ಆಯ್ಕೆಗಳನ್ನು ತೂಗುವ ಮೊದಲು ಅಳತೆಗೋಲುಗಳನ್ನು ಗೊತ್ತುಮಾಡಿಕೊಳ್ಳಬೇಕು. ವರ್ಷದಲ್ಲಿ ನಿಜವಾಗಿ ಎಷ್ಟು ದಿನ ಗಾಡಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಮೊದಲನೆಯದು; ಇದನ್ನು ಪ್ರಾಮಾಣಿಕವಾಗಿ ಎಣಿಸಿದರೆ ಬಹಳ ಜನರ ಲೆಕ್ಕ ಎರಡಂಕಿ ಮುಟ್ಟುವುದಿಲ್ಲ. ಅದೇ ಗಾಡಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಡುವುದು, ಘಾಟಿ ಇಳಿದು ಮಂಗಳೂರಿಗೆ ಹೋಗಿಬರುವುದು ಇದೆಯೇ ಎಂಬುದು ಎರಡನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಗಾಡಿಯನ್ನು ಒಬ್ಬರೇ ಓಡಿಸುತ್ತಾರೋ, ಮನೆಯವರೆಲ್ಲ ಓಡಿಸುತ್ತಾರೋ ಎಂಬುದನ್ನೂ ಕೇಳಿಕೊಳ್ಳಬೇಕು, ಏಕೆಂದರೆ ಲಾಕಿನ ಸ್ವಭಾವ ಗೊತ್ತಿಲ್ಲದವರ ಕೈಗೆ ಅಂಥ ಗಾಡಿ ಕೊಡುವುದು ಅಪಾಯ. ಉಳಿದವು ಹಣ, ಕೆಟ್ಟಾಗ ಹತ್ತಿರದ ಊರಿನಲ್ಲಿ ಸರಿಪಡಿಸುವವರು ಇದ್ದಾರೆಯೇ ಎಂಬ ವಿಚಾರ, ಮತ್ತು ಕಾನೂನು. 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಟ್ಟುನಿಟ್ಟಾಗಿಯೇ ಎತ್ತಿಹಿಡಿಯಿತು. ಆದ್ದರಿಂದ ಹೊರಗಿನಿಂದ ತಂದು ಹಾಕಿಸುವ ಯಾವುದೇ ಲಾಕಿನ ಬಗ್ಗೆ ಆರ್‌ಟಿಒದಲ್ಲಿ ಮತ್ತು ವಿಮಾ ಕಂಪನಿಯಲ್ಲಿ ಮುಂಚಿತವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು.

ಇನ್ನು ಆಯ್ಕೆಗಳು. ಇರುವ ಸಾದಾ ಡಿಫರೆನ್ಷಿಯಲ್ಲನ್ನೇ ಉಳಿಸಿಕೊಳ್ಳುವುದೂ ಒಂದು ಆಯ್ಕೆ, ಅದನ್ನು ಎಲ್ಲಕ್ಕಿಂತ ಮೊದಲು ಪರಿಶೀಲಿಸಬೇಕು. ಸವೆದ ರಸ್ತೆ ಟೈರುಗಳ ಜಾಗಕ್ಕೆ ಒಳ್ಳೆಯ ಮಡ್ ಟೈರ್ ಅಥವಾ ಆಲ್ ಟೆರೇನ್ ಟೈರ್ ಹಾಕಿಸಿ, ಕೆಸರಿಗೆ ಇಳಿಯುವ ಮುನ್ನ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿದರೆ, ಲಾಕ್ ಬೇಕೇ ಬೇಕು ಎಂದುಕೊಂಡಿದ್ದ ಅರ್ಧ ಜಾಗಗಳನ್ನು ಗಾಡಿ ತಾನಾಗಿ ಹತ್ತುತ್ತದೆ. ಗಾಳಿ ಇಳಿಸಿದ ಟೈರು ಹೆಚ್ಚು ನೆಲ ಹಿಡಿಯುತ್ತದೆ, ಕಲ್ಲಿನ ಮೇಲೆ ಪುಟಿಯದೆ ಅದಕ್ಕೆ ಹೊಂದಿಕೊಳ್ಳುತ್ತದೆ. ಟಾರಿಗೆ ಮರಳುವ ಮುನ್ನ ತುಂಬಿಕೊಳ್ಳಲು ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪು ಗಾಡಿಯಲ್ಲೇ ಇರಬೇಕು. ಒಂದು ಚಕ್ರ ತಿರುಗುತ್ತಿರುವಾಗ ಆಕ್ಸಿಲರೇಟರನ್ನು ಹಿಡಿದಿಟ್ಟು ಎಡಗಾಲಿನಿಂದ ಬ್ರೇಕನ್ನು ಹದವಾಗಿ ಒತ್ತಿದರೆ ತಿರುಗುವ ಚಕ್ರಕ್ಕೆ ತಡೆ ಬಿದ್ದು, ಇನ್ನೊಂದು ಚಕ್ರಕ್ಕೂ ಸ್ವಲ್ಪ ಬಲ ಬರುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಕಷ್ಟಪಡುವವರು ಇಲ್ಲಿಗೇ ನಿಲ್ಲಬಹುದು. ಉಳಿದ ಹಣದಲ್ಲಿ ಒಳ್ಳೆಯದೊಂದು ಎಳೆಯುವ ಪಟ್ಟಿಯನ್ನೂ ಅದನ್ನು ಸಿಕ್ಕಿಸುವ ಎರಡು ಶ್ಯಾಕಲ್ ಕೊಂಡಿಗಳನ್ನೂ ತೆಗೆದುಕೊಳ್ಳಬಹುದು.

ವೆಲ್ಡ್ ಮಾಡಿದ ಡಿಫರೆನ್ಷಿಯಲ್ಲಿನ ಆಕರ್ಷಣೆ ಅದರ ಖರ್ಚು. ಒಳಗಿನ ಸ್ಪೈಡರ್ ಗೇರುಗಳನ್ನು ಒಂದಕ್ಕೊಂದು ಬೆಸೆದುಬಿಟ್ಟರೆ ಚಕ್ರಗಳಿಗೆ ಬಲ ಒಯ್ಯುವ ಎರಡು ಹಾಫ್ ಶಾಫ್ಟ್‌ಗಳು ಒಂದೇ ಕಂಬಿಯಂತೆ ತಿರುಗುತ್ತವೆ. ಕೆಲವು ಸಾವಿರ ರೂಪಾಯಿಯಲ್ಲಿ, ಒಂದೆರಡು ದಿನದಲ್ಲಿ ಕೆಲಸ ಮುಗಿಯುತ್ತದೆ. ಆರಿದ್ರಾ ಮಳೆಯ ಹೊತ್ತಿಗೆ ನಮ್ಮ ಜಿಪ್ಸಿ ಹೀಗೆ ಸಿದ್ಧವಾಗಿತ್ತು. ಲೈನ್ ಮನೆಗಳ ಮೇಲಿನ ಏರಿನಲ್ಲಿ, ಹಿಂದಿನ ವರ್ಷ ಟ್ರ್ಯಾಕ್ಟರ್ ಕರೆಸಿ ಎಳೆಸಬೇಕಾಗಿದ್ದ ಕೆಂಪು ಜೇಡಿಮಣ್ಣಿನ ಜಾಗದಲ್ಲಿ, ಹಿಂದೆ ಗೊಬ್ಬರದ ಚೀಲ ಹೇರಿಕೊಂಡು ಫೋರ್-ಲೋ (ನಿಧಾನಕ್ಕೆ ಹೆಚ್ಚು ಬಲ ಕೊಡುವ ಫೋರ್‌ವೀಲ್ ಗೇರು ಸಾಲು) ಎರಡನೇ ಗೇರಿನಲ್ಲಿ ಗಾಡಿ ನಿಲ್ಲದೆ ಹತ್ತಿತು. ಆ ಒಂದು ಕೆಲಸದಲ್ಲಿ ಅದನ್ನು ಮೀರಿಸುವುದು ಕಷ್ಟ: ಕಾಯಬೇಕಾಗಿಲ್ಲ, ಗುಂಡಿ ಒತ್ತಬೇಕಾಗಿಲ್ಲ, ಕೆಡುವ ಭಾಗವೂ ಇಲ್ಲ.

ಅದರ ಬೆಲೆ ಏನೆಂಬುದು ಮೊದಲು ಕಂಡದ್ದು ಕಾಫಿ ಕಣದಲ್ಲಿ. ಸಿಮೆಂಟಿನ ಕಣದ ಮೇಲೆ ಗಾಡಿಯನ್ನು ತಿರುಗಿಸಿ ನಿಲ್ಲಿಸುವಾಗ ಸ್ಟೀರಿಂಗ್ ಬಿಗಿಯಾಗಿ, ಹಿಂದಿನಿಂದ ಯಾರೋ ಹಿಡಿದೆಳೆದಂತೆ ತಡೆದು, ಒಳಗಿನ ಟೈರು ಕಿರ್ರೆಂದು ಜಾರಿ, ಬಿಗಿ ಸಡಿಲವಾದ ಕ್ಷಣದಲ್ಲಿ ಟಪ್ ಎಂಬ ಸದ್ದು ಬರುತ್ತಿತ್ತು. ಸುಗ್ಗಿಯಲ್ಲಿ ಕಾಫಿ ಹರವಲು ಕಣ ಗುಡಿಸಿದಾಗ ನೋಡಿದರೆ ಎರಡು ಕಪ್ಪು ಕಮಾನುಗಳು ಅಚ್ಚಾಗಿ ಉಳಿದಿದ್ದವು. ಉಜ್ಜಿ ತೊಳೆದರೂ ಹೋಗಲಿಲ್ಲ. ಶೆಡ್ಡಿನೊಳಗೆ ಸ್ಟೀರಿಂಗ್ ತಿರುಗಿಸಿಟ್ಟ ಗಾಡಿಯನ್ನು ಇಬ್ಬರು ಸೇರಿ ತಳ್ಳಿದರೂ ಕದಲುತ್ತಿರಲಿಲ್ಲ. ಹಿಂದಿನ ಟೈರುಗಳು ಮುಂದಿನವುಗಳಿಗಿಂತ ಬಹಳ ಬೇಗ, ಅಂಚಿನಲ್ಲಿ ಗರಗಸದ ಹಲ್ಲಿನಂತೆ ಸವೆದವು. ಇವೆಲ್ಲ ಸಹಿಸಬಹುದಾದ ಸಂಗತಿಗಳೇ.

ಸಹಿಸಲಾಗದ್ದು ಪುಷ್ಯ ಮಳೆಯಲ್ಲಿ ನಡೆಯಿತು. ಪೇಟೆಯಿಂದ ಬರುವಾಗ, ಜಿಟಿಜಿಟಿ ಮಳೆಯಲ್ಲಿ ನೆನೆದ ಡಾಂಬರಿನ ಒಂದು ಎಡತಿರುವಿನಲ್ಲಿ, ಗಾಡಿ ಟೂವೀಲ್‌ನಲ್ಲೇ ಇತ್ತು, ವೇಗ ಮೂವತ್ತೈದರ ಆಸುಪಾಸು. ತಿರುವಿನ ನಡುವೆ ಆಕ್ಸಿಲರೇಟರ್ ಸ್ವಲ್ಪ ಒತ್ತಿದ ಕೂಡಲೇ ಹಿಂಭಾಗ ಇಡಿಯಾಗಿ ಬಲಕ್ಕೆ ಸರಿದು, ಗಾಡಿ ಅರ್ಧ ಸುತ್ತು ತಿರುಗಿ, ಬಂದ ದಾರಿಗೇ ಮುಖ ಮಾಡಿ ದರೆಗೆ ಒರಗಿ ನಿಂತಿತು. ಎದುರಿನಿಂದ ಯಾವ ಬಸ್ಸೂ ಬರುತ್ತಿರಲಿಲ್ಲ ಎಂಬುದೊಂದೇ ನಮ್ಮ ಪುಣ್ಯ. ಸಾದಾ ಡಿಫರೆನ್ಷಿಯಲ್ ಇದ್ದಿದ್ದರೆ ಒಳಗಿನ ಒಂದು ಚಕ್ರ ಮಾತ್ರ ಜಾರಿ, ಹೊರಗಿನ ಚಕ್ರ ತನ್ನ ಹಿಡಿತ ಉಳಿಸಿಕೊಂಡು ಹಿಂಭಾಗವನ್ನು ಸಾಲಿನಲ್ಲಿ ಇರಿಸುತ್ತಿತ್ತು. ಲಾಕ್ ಆದ ಗಾಡಿಯಲ್ಲಿ ಎರಡೂ ಚಕ್ರ ಒಟ್ಟಿಗೇ ಹಿಡಿತ ಬಿಡುತ್ತವೆ, ಆಮೇಲೆ ಅಡ್ಡಕ್ಕೆ ತಡೆಯಲು ಏನೂ ಉಳಿದಿರುವುದಿಲ್ಲ. ಜಿಪ್ಸಿಯಂತೆ ಒಂದು ಟನ್ನಿನ ಆಸುಪಾಸು ತೂಗುವ, ಹಿಂಭಾಗ ಹಗುರಾದ, ಪಟ್ಟಿ ಸ್ಪ್ರಿಂಗಿನ ಗಾಡಿಯಲ್ಲಿ ಇದು ಇನ್ನೂ ಚುರುಕಾಗಿ ನಡೆದುಹೋಗುತ್ತದೆ.

ಇದೇ ಗುಣ ತೋಟದ ಒಳಗೂ, ಓರೆ ಇಳಿಜಾರಿನಲ್ಲಿ ತೊಂದರೆ ಕೊಡುತ್ತದೆ. ಒಂದು ಬದಿಗೆ ವಾಲಿದ ಜಾರು ದಾರಿಯಲ್ಲಿ ಎರಡು ಚಕ್ರಗಳೂ ಒಮ್ಮೆಲೇ ಸುತ್ತತೊಡಗಿದರೆ ಗಾಡಿ ಮುಂದೆ ಹೋಗುವ ಬದಲು ಕೆಳಬದಿಗೆ, ಕಾಫಿ ಗಿಡಗಳ ಸಾಲಿನೊಳಗೆ ಜಾರುತ್ತದೆ. ನೇರ ಏರಿಗೆ ಲಾಕ್ ಎಷ್ಟು ಉಪಕಾರಿಯೋ ಓರೆ ದಾರಿಗೆ ಅಷ್ಟೇ ಅಪಕಾರಿ. ನಿಮ್ಮ ತೋಟದ ದಾರಿಗಳು ಯಾವ ಬಗೆಯವು ಎಂಬುದನ್ನು ನಡೆದು ನೋಡಿಯೇ ತೀರ್ಮಾನಿಸಬೇಕು. ಮತ್ತೊಂದು ಅಪಾಯ ಹಾಫ್ ಶಾಫ್ಟಿಗೆ. ಸಾದಾ ಡಿಫರೆನ್ಷಿಯಲ್ಲಿನಲ್ಲಿ ಒಂದು ಶಾಫ್ಟಿಗೆ ಅರ್ಧಕ್ಕಿಂತ ಹೆಚ್ಚು ಬಲ ಬೀಳುವುದಿಲ್ಲ. ಲಾಕ್ ಆಗಿ ಒಂದು ಚಕ್ರ ಗಾಳಿಯಲ್ಲೂ ಇನ್ನೊಂದು ಕಲ್ಲಿನ ಸಂದಿಯಲ್ಲೂ ಇದ್ದರೆ ಫೋರ್-ಲೋದ ಪೂರ್ತಿ ಬಲವನ್ನು ಒಂದೇ ಶಾಫ್ಟ್ ಹೊರಬೇಕು. ದೊಡ್ಡ ಟೈರ್ ಹಾಕಿಸಿದ್ದರೆ ಅದು ಮುರಿಯುವ ಸಾಧ್ಯತೆ ಇನ್ನೂ ಹೆಚ್ಚು.

ಇಷ್ಟಾದರೂ ವೆಲ್ಡಿಗೆ ಒಂದು ಜಾಗವಿದೆ ಎಂದೇ ನಾನು ನಂಬುತ್ತೇನೆ: ತೋಟದ ಗೇಟು ದಾಟದ, ಟಾರ್ ರಸ್ತೆ ಕಾಣದ, ಒಬ್ಬರೇ ಓಡಿಸುವ ಕೆಲಸದ ಗಾಡಿ. ಜಿಪ್ಸಿಯಲ್ಲಿ ಇನ್ನೊಂದು ಅನುಕೂಲವೂ ಇದೆ. ಅದರ ಹಿಂದಿನ ಡಿಫರೆನ್ಷಿಯಲ್ ಕ್ರೌನ್-ಪಿನಿಯನ್ (ಅದನ್ನು ತಿರುಗಿಸುವ ಗೇರು ಜೋಡಿ) ಸಮೇತ ಒಂದೇ ಗಡ್ಡೆಯಾಗಿ ಆಕ್ಸಲ್ಲಿನ ಹೌಸಿಂಗಿನ ಮುಂಬದಿಯಿಂದ ಹೊರಬರುವುದರಿಂದ, ವೆಲ್ಡ್ ಮಾಡಿಸಲು ಗುಜರಿಯಿಂದ ಬೇರೊಂದು ಗಡ್ಡೆ ತಂದು, ಮೂಲದ್ದನ್ನು ಎಣ್ಣೆ ಸವರಿ ಎತ್ತಿಟ್ಟುಕೊಂಡರೆ, ಬೇಡವೆನಿಸಿದಾಗ ಅರ್ಧ ದಿನದಲ್ಲಿ ಹಳೆಯದನ್ನೇ ಕೂರಿಸಬಹುದು. ತರುವ ಗಡ್ಡೆಯ ಹಲ್ಲುಗಳ ಅನುಪಾತ ಮುಂದಿನ ಆಕ್ಸಲ್ಲಿನದಕ್ಕೆ ಸರಿಹೊಂದಲೇಬೇಕು. ಇಲ್ಲದಿದ್ದರೆ ಫೋರ್‌ವೀಲ್ ಹಾಕಿದಾಗ ಮುಂದು-ಹಿಂದಿನ ಚಕ್ರಗಳು ಪರಸ್ಪರ ಕಚ್ಚಾಡಿ ಗೇರುಗಳನ್ನೇ ಒಡೆಯುತ್ತವೆ. ಜಿಮ್ನಿಯಂತೆ ಎಬಿಎಸ್ (ಬ್ರೇಕಿನಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯುವುದು), ಇಎಸ್‌ಪಿ (ಗಾಡಿ ಅಡ್ಡ ಜಾರದಂತೆ ತಡೆಯುವುದು) ಇರುವ ಗಾಡಿಗೆ ಮಾತ್ರ ಖಂಡಿತ ವೆಲ್ಡ್ ಮಾಡಿಸಬಾರದು. ಪ್ರತಿ ಚಕ್ರದ ವೇಗವನ್ನು ಬೇರೆಬೇರೆಯಾಗಿ ಅಳೆದು ಕೆಲಸ ಮಾಡುವ ವ್ಯವಸ್ಥೆಗೆ ಹಿಂದಿನ ಎರಡೂ ಚಕ್ರ ಸದಾ ಒಂದೇ ವೇಗ ತೋರಿಸಿದರೆ ಅದರ ಲೆಕ್ಕವೇ ತಪ್ಪುತ್ತದೆ.

ಸ್ಪೈಡರ್ ಗೇರುಗಳ ಜಾಗದಲ್ಲಿ ಕೂರಿಸುವ ಸ್ವಯಂಚಾಲಿತ ಲಾಕರ್ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಆಕ್ಸಿಲರೇಟರ್ ಒತ್ತಿದಾಗ ಅದು ಲಾಕ್ ಆಗಿರುತ್ತದೆ. ಬಿಟ್ಟು ಉರುಳುತ್ತ ತಿರುಗಿದಾಗ ಹೊರಗಿನ ಚಕ್ರಕ್ಕೆ ಮುಂದೆ ಓಡಲು ಬಿಡುತ್ತದೆ, ಆಗ ಟಕಟಕ ಎಂಬ ಹಲ್ಲಿನ ಸದ್ದು ಕೇಳುತ್ತದೆ. ಟೈರು ಉಳಿಯುತ್ತದೆ, ಹೌಸಿಂಗ್ ಬದಲಿಸಬೇಕಾಗಿಲ್ಲ. ಆದರೆ ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಒಮ್ಮೆಗೇ ಲಾಕ್ ಆಗುವುದರಿಂದ ಒದ್ದೆ ರಸ್ತೆಯ ಅಪಾಯ ಪೂರ್ತಿ ತಪ್ಪುವುದಿಲ್ಲ, ಓಡಿಸುವವರು ತಮ್ಮ ಪಾದವನ್ನೇ ಹೊಸದಾಗಿ ಪಳಗಿಸಬೇಕು. ಹಲವರು ಓಡಿಸುವ ಗಾಡಿಗೆ ಇದನ್ನು ನಾನು ಸೂಚಿಸುವುದಿಲ್ಲ. ಚಕ್ರಗಳ ವೇಗದ ವ್ಯತ್ಯಾಸಕ್ಕೆ ಸ್ವಲ್ಪ ತಡೆಯೊಡ್ಡುವ, ಕ್ಲಚ್ ಪ್ಲೇಟುಗಳ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ರಸ್ತೆಯ ಮೇಲೆ ಸೌಮ್ಯ, ಆದರೆ ಚಕ್ರ ಪೂರ್ತಿ ಗಾಳಿಗೆ ಎದ್ದಾಗ ಅದರ ಸಹಾಯ ಅಲ್ಪ. ಪ್ಲೇಟುಗಳು ಸವೆಯುತ್ತವೆ, ಅದಕ್ಕೆ ತಕ್ಕ ಎಣ್ಣೆಯೇ ಬೇಕು.

ಕಾರ್ಖಾನೆಯಿಂದಲೇ ಬರುವ ವ್ಯವಸ್ಥೆಗಳ ವಿಷಯ ಬೇರೆ. 2023ರ ಜೂನ್‌ನಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದ ಐದು ಬಾಗಿಲಿನ ಜಿಮ್ನಿಯಲ್ಲಿ ಡಿಫರೆನ್ಷಿಯಲ್ ಸಾದಾ ಬಗೆಯದೇ. ಸುಮ್ಮನೆ ತಿರುಗುವ ಚಕ್ರವನ್ನು ಗುರುತಿಸಿ ಅದಕ್ಕೊಂದಕ್ಕೇ ಬ್ರೇಕ್ ಹಾಕುವ ಕೆಲಸವನ್ನು ಎಲೆಕ್ಟ್ರಾನಿಕ್ಸ್ ಮಾಡುತ್ತದೆ. ಎಡಗಾಲಿನ ಬ್ರೇಕಿನ ಉಪಾಯವನ್ನು ಯಂತ್ರವೇ, ಬೇಕಾದ ಚಕ್ರಕ್ಕೆ ಮಾತ್ರ ಮಾಡಿದಂತೆ. ಟಾರ್ ರಸ್ತೆಯಲ್ಲಿ ಇದರಿಂದ ಯಾವ ಅನನುಕೂಲವೂ ಇಲ್ಲ ಎಂಬುದು ಇದರ ದೊಡ್ಡ ಗುಣ. ಚಕ್ರ ಮೊದಲು ಕೊಂಚ ತಿರುಗಿದ ಮೇಲಷ್ಟೇ ಬ್ರೇಕ್ ಬೀಳುತ್ತದೆ. ಆ ಅರೆಕ್ಷಣದಲ್ಲಿ ಆಕ್ಸಿಲರೇಟರ್ ಬಿಟ್ಟುಬಿಡುವವರು "ಇದು ಕೆಲಸ ಮಾಡುವುದಿಲ್ಲ" ಎಂದು ದೂರುತ್ತಾರೆ. ಫೋರ್-ಲೋದಲ್ಲಿ ಕಾಲನ್ನು ಒಂದೇ ಸಮನೆ ಹಿಡಿದಿಟ್ಟು ಎಲೆಕ್ಟ್ರಾನಿಕ್ಸಿಗೆ ಸಮಯ ಕೊಟ್ಟರೆ ಕೊರಕಲು ದಾಟುತ್ತದೆ. 134 ನ್ಯೂಟನ್ ಮೀಟರ್ ಟಾರ್ಕಿನಲ್ಲಿ ಒಂದು ಪಾಲು ಬ್ರೇಕಿಗೇ ಖರ್ಚಾಗುವುದರಿಂದ, ಆಳದ ಅಂಟು ಕೆಸರಿನ ಉದ್ದ ಏರಿನಲ್ಲಿ ನಿಜವಾದ ಲಾಕಿಗೆ ಇದು ಸಮವಲ್ಲ.

ಥಾರಿನ ಕೆಲವು ಮಾದರಿಗಳಲ್ಲಿ ಬರುವ ಈಟನ್ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ನನಗೆ ಬಹಳ ವಿವೇಕದ ಏರ್ಪಾಡಾಗಿ ಕಂಡಿದೆ. ಎರಡು ಚಕ್ರಗಳ ವೇಗದ ವ್ಯತ್ಯಾಸ ನಿಮಿಷಕ್ಕೆ ಸುಮಾರು 100 ಸುತ್ತು ಮುಟ್ಟಿದಾಗ ಒಳಗಿನ ಸಣ್ಣ ತೂಕಗಳು ಹೊರಕ್ಕೆ ಸರಿದು ಲಾಕನ್ನು ಕಚ್ಚಿಸುತ್ತವೆ. ಗಾಡಿಯ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್ ಮೀರಿದ್ದರೆ ಅದು ಕಚ್ಚುವುದೇ ಇಲ್ಲ. ಮಾಮೂಲಿ ತಿರುವಿನಲ್ಲಿ ಲಾಕ್ ಆಗಿಬಿಡುವುದಿಲ್ಲವೇ ಎಂದು ಹಲವರು ಹೆದರುತ್ತಾರೆ. 20 ಕಿಲೋಮೀಟರ್ ವೇಗದಲ್ಲಿ ಆರು ಮೀಟರ್ ತ್ರಿಜ್ಯದ ಬಿಗಿ ತಿರುವು ತೆಗೆದರೂ ಥಾರಿನ ಗಾತ್ರದ ಟೈರುಗಳಲ್ಲಿ ಆ ವ್ಯತ್ಯಾಸ ನಿಮಿಷಕ್ಕೆ 35 ಸುತ್ತಿನ ಆಸುಪಾಸಷ್ಟೇ ಆಗುತ್ತದೆ, ಹಾಗಾಗಿ ಆ ಭಯ ಬೇಡ. ಕೆಸರಿನಲ್ಲಿ ಮಾತ್ರ ಅಳುಕುತ್ತ ಆಕ್ಸಿಲರೇಟರ್ ಒತ್ತಿದರೆ ಅದು ಕಚ್ಚದು. ಚಕ್ರ ಸ್ವಲ್ಪ ಜೋರಾಗಿಯೇ ತಿರುಗಬೇಕು, ಆಗ ಹಿಂದಿನಿಂದ ಠಕ್ ಎಂಬ ಸದ್ದು ಕೇಳಿ ಗಾಡಿ ಮುಂದಕ್ಕೆ ನೆಗೆಯುತ್ತದೆ. ಇಕ್ಕಟ್ಟಿನ ಬಂಡೆಯ ದಾರಿಯಲ್ಲಿ ಆ ನೆಗೆತ ಅನನುಕೂಲ. ಎಲ್ಲ ಥಾರ್‌ಗಳಲ್ಲೂ ಇದು ಇರುವುದಿಲ್ಲ, ಬ್ರೇಕ್ ಆಧಾರದ ಲಾಕ್ ಮಾತ್ರ ಇರುವ ಮಾದರಿಗಳೂ ಇವೆ. ಮುಂಗಡ ಕೊಡುವ ಮುನ್ನ ಮಾದರಿಯ ವಿವರವನ್ನು ಓದಿ ಖಚಿತಪಡಿಸಿಕೊಳ್ಳಬೇಕು.

ಬೇಕಾದಾಗ ಮಾತ್ರ ಹಾಕಿ ತೆಗೆಯುವ ಲಾಕ್ ಎಲ್ಲದರಲ್ಲಿ ಶ್ರೇಷ್ಠ, ದುಬಾರಿಯೂ ಹೌದು. ಆಸ್ಟ್ರೇಲಿಯಾದ ಎಆರ್‌ಬಿಯಂಥ ಏರ್ ಲಾಕರುಗಳಲ್ಲಿ ಸಣ್ಣ ಕಂಪ್ರೆಸರಿನ ಗಾಳಿ ಲಾಕನ್ನು ಕಚ್ಚಿಸುತ್ತದೆ. ಸ್ವಿಚ್ ಆರಿಸಿದರೆ ಅದು ಪೂರ್ತಿ ಸಾದಾ ಡಿಫರೆನ್ಷಿಯಲ್. ಕೊರಕಲಿಗೆ ಇಳಿಯುವ ಮುನ್ನವೇ, ನಿಂತಲ್ಲಿ ಅಥವಾ ತೀರಾ ನಿಧಾನದಲ್ಲಿ ಹಾಕಬೇಕು. ಚಕ್ರ ಗಿರಗಿರ ತಿರುಗುತ್ತಿರುವಾಗ ಹಾಕಿದರೆ ಹಲ್ಲು ಒಡೆಯುತ್ತದೆ. ಆಮದಿನ ಸುಂಕ, ಕಂಪ್ರೆಸರ್, ಕ್ರೌನ್-ಪಿನಿಯನ್ ಮರುಜೋಡಣೆಯ ಕೂಲಿ ಸೇರಿದರೆ ಖರ್ಚು ಲಕ್ಷ ದಾಟುತ್ತದೆ. ಆ ಮರುಜೋಡಣೆಯಲ್ಲಿ ಹಲ್ಲುಗಳ ಸಂದು ತಪ್ಪಿದರೆ ಕೆಲವೇ ತಿಂಗಳಲ್ಲಿ ಹಿಂದಿನಿಂದ ಗುಂಯ್ ಎಂಬ ಸದ್ದು ಶುರುವಾಗುತ್ತದೆ, ಆದ್ದರಿಂದ ಅಳತೆಯ ಡಯಲ್ ಗೇಜ್ ಇಟ್ಟುಕೊಂಡಿರುವ ಮೆಕ್ಯಾನಿಕ್ ಬಳಿಗೇ ಹೋಗಬೇಕು. ಕಾರ್ಖಾನೆಯಿಂದಲೇ ಹಿಂದೆ ಮುಂದೆ ಎರಡೂ ಲಾಕ್ ಬೇಕೆನ್ನುವವರಿಗೆ ಫೋರ್ಸ್ ಗೂರ್ಖಾ ಇದೆ. ಅದು ಎರಡು ಟನ್ನಿನ ಆಸುಪಾಸು ತೂಗುವ ಗಾಡಿ. ಜಿಪ್ಸಿ ನುಸುಳುವ ಕಾಲುದಾರಿಯಲ್ಲಿ, ತೋಡಿನ ಮೇಲಿನ ಮರದ ಸಂಕದಲ್ಲಿ ಅದಕ್ಕೆ ಜಾಗವಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಹೀಗಾಗಿ ತೋಟದಿಂದ ಹೊರಬಾರದ ಹಳೆಯ ಜಿಪ್ಸಿಗೆ, ಕೈಯಲ್ಲಿ ಹೆಚ್ಚು ಹಣವಿಲ್ಲದಿದ್ದರೆ, ಮೂಲ ಗಡ್ಡೆಯನ್ನು ಎತ್ತಿಟ್ಟುಕೊಂಡು ವೆಲ್ಡ್ ಮಾಡಿಸಬಹುದು. ತೋಟಕ್ಕೂ ಪೇಟೆಗೂ ಒಂದೇ ಜಿಪ್ಸಿ ಇರುವವರು ಮೊದಲು ಟೈರಿಗೆ ಖರ್ಚು ಮಾಡಿ ಒಂದು ಮಳೆಗಾಲ ನೋಡಲಿ, ಆಮೇಲೂ ಸಾಲದಿದ್ದರೆ ಹಣ ಕೂಡಿಸಿ ಏರ್ ಲಾಕರ್ ಹಾಕಿಸಲಿ. ಈ ಎರಡರ ನಡುವಿನ ಅಗ್ಗದ ದಾರಿಯನ್ನು, ಅಂದರೆ ವೆಲ್ಡನ್ನೋ ಸ್ವಯಂಚಾಲಿತ ಲಾಕರನ್ನೋ, ಹಿಡಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಂಗಳೂರಿನಲ್ಲಿ ಇದ್ದು ತಿಂಗಳಿಗೊಮ್ಮೆ ಸಕಲೇಶಪುರದ ಮನೆಗೆ ಬರುವವರಿಗೆ ಜಿಮ್ನಿಯ ಬ್ರೇಕ್ ವ್ಯವಸ್ಥೆಯೇ ಸಾಕು. ಮಳೆಗಾಲವಿಡೀ ದಿನವೂ ಕೆಸರು ತುಳಿದು, ಅದೇ ಗಾಡಿಯಲ್ಲಿ ಹೆದ್ದಾರಿಗೂ ಹೋಗುವವರಿಗೆ ಈಟನ್ ಲಾಕ್ ಇರುವ ಥಾರ್ ಹೆಚ್ಚು ಹೊಂದುತ್ತದೆ.

ಸೆಕೆಂಡ್ ಹ್ಯಾಂಡ್ ಜಿಪ್ಸಿ ಕೊಳ್ಳುವವರು ಒಂದು ಪರೀಕ್ಷೆಯನ್ನು ಮರೆಯಬಾರದು, ಏಕೆಂದರೆ ವೆಲ್ಡ್ ಮಾಡಿಸಿದ್ದನ್ನು ಮಾರುವವರು ಎಲ್ಲರೂ ಹೇಳುವುದಿಲ್ಲ. ಸಮತಟ್ಟಾದ ನೆಲದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಟೂವೀಲ್‌ನಲ್ಲೇ ಇರಿಸಿ ಮೊದಲ ಗೇರ್ ಹಾಕಿ, ಹಿಂದಿನ ಆಕ್ಸಲ್ಲನ್ನು ಜ್ಯಾಕಿನಿಂದ ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಒಂದು ಚಕ್ರವನ್ನು ಕೈಯಿಂದ ತಿರುಗಿಸಿದಾಗ ಇನ್ನೊಂದು ಹಿಮ್ಮುಖವಾಗಿ ತಿರುಗಿದರೆ ಡಿಫರೆನ್ಷಿಯಲ್ ಸಾದಾ ಇದೆ. ಎಷ್ಟು ಬಲ ಹಾಕಿದರೂ ಚಕ್ರ ಕದಲದೆ ನಿಂತರೆ ಒಳಗೆ ಲಾಕ್ ಆಗಿದೆ. ಆಗ ಡ್ರೈನ್ ಬೋಲ್ಟ್ ಬಿಚ್ಚಿಸಿ, ಎಣ್ಣೆಯಲ್ಲಿ ಲೋಹದ ಚೂರುಗಳಿವೆಯೇ ಎಂದು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ, ಹೊಸ ಡಿಫರೆನ್ಷಿಯಲ್ ಗಡ್ಡೆಯ ಬೆಲೆಯನ್ನು ಕಳೆದೇ ಮಾತುಕತೆಗೆ ಕೂರಬೇಕು.